ಥಾರ್ ಮರುಭೂಮಿಯಲ್ಲಿ ಟೆಂಟ್ ಹಾಕುವವರಿಗೆ: ಹುಬ್ಬಳ್ಳಿಯಿಂದ ಜೈಸಲ್ಮೇರ್‌ಗೆ

ಜೈಸಲ್ಮೇರ್‌ಗೆ ಹೋಗಿ ಮರುಭೂಮಿಯಲ್ಲಿ ರಾತ್ರಿ ಕಳೆಯಬೇಕು ಅಂತ ಆಸೆ ಇರುವವರಿಗೆ ಮೊದಲ ಮಾತು ಇದು. ಟೆಂಟ್ ಎಲ್ಲಿ ಹಾಕುತ್ತೀರಿ ಅನ್ನುವುದನ್ನು ಊರು ಬಿಡುವ ಮುಂಚೆಯೇ ಗಟ್ಟಿ ಮಾಡಿಕೊಳ್ಳಿ. ಅಲ್ಲಿ ಹೋಗಿ ನೋಡಿದರಾಯಿತು ಅಂದರೆ ಸ್ಟೇಷನ್ ಹೊರಗೆ ನಿಂತಿರುವ ಏಜೆಂಟರು ನಿಮ್ಮನ್ನು ಸೀದಾ ಸಮ್ ಕಡೆಗೆ ಕರೆದುಕೊಂಡು ಹೋಗುತ್ತಾರೆ. ಜೈಸಲ್ಮೇರ್‌ನಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್. ದಿಬ್ಬಗಳು ಚೆನ್ನಾಗಿವೆ, ಸುಳ್ಳು ಹೇಳಲ್ಲ. ಆದರೆ ರಸ್ತೆಯ ಉದ್ದಕ್ಕೂ ಸಾಲು ಸಾಲು ಟೆಂಟ್ ಕ್ಯಾಂಪುಗಳು, ಒಂದೊಂದರಲ್ಲೂ ರಾತ್ರಿ ಸ್ಪೀಕರ್, ದಿಬ್ಬದ ಮೇಲೆ ಜೀಪುಗಳ ಓಟ. ಒಂದು ಸಂಜೆ ಕುಣಿದು ಕುಪ್ಪಳಿಸಿ ಬರೋಣ ಅನ್ನುವವರಿಗೆ ಅದು ಸರಿ. ಮರುಭೂಮಿ ನೋಡಬೇಕು, ಅದರ ಸದ್ದು ಕೇಳಬೇಕು ಅನ್ನುವವರು ಖೂರಿ ಕಡೆಗೋ ಸುದಾಸರಿ ಕಡೆಗೋ ಹೋಗಿ.

ಇವೆಲ್ಲ ಡೆಸರ್ಟ್ ನ್ಯಾಷನಲ್ ಪಾರ್ಕ್‌ನ ಒಳಗೆ ಅಥವಾ ಅಂಚಿಗೆ ಬರುವ ಜಾಗಗಳು. ಪಾರ್ಕ್ ಅಂದರೆ ಗೇಟು, ಬೇಲಿ, ಟಿಕೆಟ್ ಕೌಂಟರ್ ಅಂತ ಕಲ್ಪಿಸಿಕೊಳ್ಳಬೇಡಿ. 3162 ಚದರ ಕಿಲೋಮೀಟರ್ ಜಾಗ, ಜೈಸಲ್ಮೇರ್ ಮತ್ತು ಬಾಡ್ಮೇರ್ ಎರಡೂ ಜಿಲ್ಲೆಗಳಲ್ಲಿ ಹರಡಿದೆ. ಒಳಗೇ ಹಳ್ಳಿಗಳಿವೆ, ಹೊಲಗಳಿವೆ, ದನ, ಕುರಿ, ಒಂಟೆ ಎಲ್ಲ ಇವೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಇಡೀ ಪಾರ್ಕಿನಲ್ಲಿ ಮರಳಿನ ದಿಬ್ಬ ಇರುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿ ಮರಳು, ಮತ್ತೆ ಹುಲ್ಲು. ಕಣ್ಣು ಹಾಯುವಷ್ಟು ದೂರ ಸೇವಣ್ ಹುಲ್ಲು. ಈ ಪಾರ್ಕಿನ ಜೀವ ಇರುವುದೇ ಆ ಹುಲ್ಲಿನಲ್ಲಿ. ಬರೀ ದಿಬ್ಬ ನೋಡಿ ವಾಪಸ್ ಬಂದವರು ಪಾರ್ಕ್ ನೋಡಿಲ್ಲ ಅಂತಲೇ ನನ್ನ ಲೆಕ್ಕ.

ಹೋಗುವುದು ಹೇಗೆ? ಹುಬ್ಬಳ್ಳಿಯಿಂದ ಜೋಧಪುರಕ್ಕೆ ನೇರ ರೈಲು ಇದೆ, ಬೆಂಗಳೂರಿಂದ ಬರುವುದು. ಧಾರವಾಡ, ಬೆಳಗಾವಿ, ಮಿರಜ್, ಪುಣೆ, ಅಹಮದಾಬಾದ್, ಅಬು ರೋಡ್ ಮೇಲೆ ಹೋಗುತ್ತದೆ. ವಾರದಲ್ಲಿ ಎಲ್ಲ ದಿನ ಇಲ್ಲ, ಹಾಗಾಗಿ ರಜೆ ಹಾಕುವ ಮೊದಲು ರೈಲಿನ ದಿನ ನೋಡಿ, ಆಮೇಲೆ ರಜೆ ಹಾಕಿ. ಹೆಚ್ಚು ಕಮ್ಮಿ ಒಂದೂವರೆ ದಿನದ ಪ್ರಯಾಣ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಳ್ಳಿ. ರೈಲಿನಲ್ಲಿ ಮಾತ್ರ ಅಲ್ಲ, ಮರುಭೂಮಿಯಲ್ಲೂ ಇದೇ ಕೈಹಿಡಿಯುವುದು. ಕೆಡಲ್ಲ, ನೀರು ಬೇಡ, ಒಲೆ ಬೇಡ. ಕ್ಯಾಂಪಿಂಗ್ ಸ್ಟವ್‌ನ ಗ್ಯಾಸ್ ಡಬ್ಬಿ ಮಾತ್ರ ಬ್ಯಾಗಿಗೆ ಹಾಕಬೇಡಿ, ರೈಲಿನಲ್ಲಿ ಒಯ್ಯುವ ಹಾಗಿಲ್ಲ, ವಿಮಾನದಲ್ಲಿ ಅಂತೂ ಇಲ್ಲವೇ ಇಲ್ಲ.

ಜೋಧಪುರದಿಂದ ಜೈಸಲ್ಮೇರ್‌ಗೆ ಮತ್ತೆ ಐದಾರು ಗಂಟೆ ರೈಲು. ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಇಳಿಯಬಹುದು, ಲಾಡ್ಜ್ ಖರ್ಚು ಉಳಿಯುತ್ತದೆ. ಆದರೆ ಹಕ್ಕಿ ನೋಡುವ ಹುಚ್ಚು ಇದ್ದರೆ ಹಗಲು ರೈಲಿನಲ್ಲಿ ಹೋಗಿ ಫಲೋದಿಯಲ್ಲಿ ಇಳಿದುಬಿಡಿ. ಹತ್ತಿರದಲ್ಲೇ ಖೀಚನ್ ಅನ್ನುವ ಊರಿದೆ. ಚಳಿಗಾಲದಲ್ಲಿ ಅಲ್ಲಿಗೆ ಡೆಮೊಸೆಲ್ ಕೊಕ್ಕರೆಗಳು ಸಾವಿರ ಸಾವಿರ ಬರುತ್ತವೆ, ಊರಿನವರು ದಿನಾ ಕಾಳು ಹಾಕುತ್ತಾರೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತು ನೋಡಿ ಬಂದವರಿಗೆ ಈ ಜಾಗ ತಪ್ಪಿಸಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ.

ಕಾಲ ಅಂದರೆ ನವೆಂಬರ್‌ನಿಂದ ಫೆಬ್ರವರಿ. ಬೇರೆ ಯೋಚನೆಯೇ ಬೇಡ. ಮೇ ತಿಂಗಳಲ್ಲಿ ಅಲ್ಲಿ 45 ಡಿಗ್ರಿ ದಾಟುತ್ತದೆ. ನಮ್ಮ ಕಡೆಯವರು ಬಿಸಿಲಿಗೆ ಹೆದರಲ್ಲ, ಚಳಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಇಲ್ಲ, ಅಲ್ಲಿ ಸಿಕ್ಕಿಹಾಕಿಕೊಳ್ಳುವುದು ಅದಕ್ಕೇ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ 24, 25 ಡಿಗ್ರಿ ಇದ್ದದ್ದು ರಾತ್ರಿ 5ರ ಆಸುಪಾಸಿಗೆ ಇಳಿಯುವ ದಿನಗಳಿವೆ. ಗಾಳಿಯಲ್ಲಿ ತೇವ ಇಲ್ಲ, ಮೋಡ ಇಲ್ಲ, ಹಗಲು ಕಾದ ಮರಳಿನ ಬಿಸಿ ಸೂರ್ಯ ಮುಳುಗಿದ ಕೂಡಲೇ ಮೇಲಕ್ಕೆ ಹಾರಿಹೋಗುತ್ತದೆ. ಸಂಜೆ ಬರಿಗಾಲಲ್ಲಿ ಬೆಚ್ಚಗೆ ನಡೆದ ಅದೇ ಮರಳು ರಾತ್ರಿ ಎರಡು ಗಂಟೆಗೆ ಟೆಂಟ್ ತಳದಿಂದ ಬೆನ್ನಿಗೆ ಕೊರೆಯುತ್ತದೆ. ಆದ್ದರಿಂದ ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದಕ್ಕೆ ಜಾಸ್ತಿ ಗಮನ ಕೊಡಿ. ಫೋಮ್ ಶೀಟು ಒಂದು, ಅದರ ಮೇಲೆ ಕಂಬಳಿ. ನಾವು ಮೇಡ್ಲೇರಿ ಕಂಬಳಿ ಒಯ್ದಿದ್ದೆವು. ಭಾರ ಆಯಿತು ಅಂತ ಜೋಧಪುರದವರೆಗೂ ಗೊಣಗಿದ ಗೆಳೆಯ ಮೊದಲ ರಾತ್ರಿ ಅದನ್ನು ಬಿಟ್ಟುಕೊಡಲೇ ಇಲ್ಲ.

ಈಗ ಟೆಂಟ್ ವಿಷಯ. ಪಾರ್ಕ್ ಒಳಗೆ ಕಂಡ ಕಂಡಲ್ಲಿ ಟೆಂಟ್ ಬಿಚ್ಚುವ ಹಾಗಿಲ್ಲ. ಅರಣ್ಯ ಇಲಾಖೆಯ ವನ್ಯಜೀವಿ ಕಚೇರಿ ಜೈಸಲ್ಮೇರ್ ಊರಿನಲ್ಲೇ ಇದೆ, ಸುದಾಸರಿಯ ರಕ್ಷಿತ ಪ್ರದೇಶಕ್ಕೆ ಅನುಮತಿ ಅಲ್ಲೇ ಪಡೆಯಬೇಕು. ಸುದಾಸರಿಯಲ್ಲಿ ಇಲಾಖೆಯ ಗುಡಿಸಲುಗಳೂ ಇವೆ. ಅಲ್ಲಿ ಉಳಿಯಲು ಆಸೆ ಇದ್ದರೆ ಅನುಮತಿ ಕೇಳುವಾಗಲೇ ಅದನ್ನೂ ಕೇಳಿಬಿಡಿ. ಗುರುತಿನ ಚೀಟಿ ಎಲ್ಲರದೂ ಬೇಕು, ಜೆರಾಕ್ಸ್ ಸಮೇತ. ಗಡಿ ಹತ್ತಿರದ ಪ್ರದೇಶ, ಯಾರು ಎಲ್ಲಿ ಬೇಕಾದರೂ ನಿಲ್ಲಿಸಿ ಕೇಳಬಹುದು. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ.

ಸ್ವಂತ ಟೆಂಟಿನಲ್ಲೇ ಮಲಗಬೇಕು ಅನ್ನುವವರಿಗೆ ಖೂರಿ ಒಳ್ಳೆಯದು. ನೈರುತ್ಯಕ್ಕೆ 40 ಕಿಲೋಮೀಟರ್ ಚಿಲ್ಲರೆ. ಮಣ್ಣಿನ ಗೋಡೆಯ ಮನೆಗಳ ಹಳ್ಳಿ, ಹಳ್ಳಿ ಮುಗಿದಲ್ಲಿಗೆ ದಿಬ್ಬ ಶುರು. ಅಲ್ಲಿ ಮನೆಯವರೇ ನಡೆಸುವ ಚಿಕ್ಕ ಗೆಸ್ಟ್‌ಹೌಸ್‌ಗಳಿವೆ. ಊಟ ಅವರಲ್ಲೇ ಮಾಡಿ, ಅವರ ಜಾಗದ ಅಂಚಿನಲ್ಲಿ ಟೆಂಟ್ ಹಾಕಿಕೊಳ್ಳುತ್ತೇವೆ ಅಂದರೆ ಒಪ್ಪುವವರು ಸಿಗುತ್ತಾರೆ. ಮೊದಲೇ ಫೋನಿನಲ್ಲಿ ಮಾತಾಡಿ. ಊಟ, ಒಂಟೆ, ಜೀಪು, ನೀರು ಎಲ್ಲ ಸೇರಿ ಎಷ್ಟು ಅಂತ ಒಂದೇ ಮಾತಿನಲ್ಲಿ ಕೇಳಿ. ಬಿಡಿಬಿಡಿಯಾಗಿ ಕೇಳಿದರೆ ಕೊನೆಗೆ ಲೆಕ್ಕ ಬೆಳೆಯುತ್ತದೆ. ನಗದು ಇರಲಿ, ನೆಟ್‌ವರ್ಕ್ ನಂಬಿ ಯುಪಿಐ ಮೇಲೆ ಕೂರಬೇಡಿ.

ಮರಳಿನಲ್ಲಿ ಟೆಂಟ್ ನಿಲ್ಲಿಸುವುದು ನಮ್ಮ ಎರೆಮಣ್ಣಿನಲ್ಲಿ ನಿಲ್ಲಿಸಿದ ಹಾಗಲ್ಲ. ಗೂಟ ಹೊಡೆದರೆ ಗೂಟ ಒಳಗೆ ಹೋಗುತ್ತದೆ, ಅಷ್ಟೇ ಸಲೀಸಾಗಿ ಹೊರಗೂ ಬರುತ್ತದೆ. ಇದಕ್ಕೆ ಉಪಾಯ ಇದೆ. ಖಾಲಿ ಬಟ್ಟೆ ಚೀಲ ನಾಲ್ಕಾರು ಒಯ್ಯಿರಿ, ಮರಳು ತುಂಬಿಸಿ, ಬಾಯಿಗೆ ಟೆಂಟಿನ ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತು, ಮೇಲೆ ಚೆನ್ನಾಗಿ ತುಳಿಯಿರಿ. ಗಾಳಿ ಎಷ್ಟು ಎಳೆದರೂ ಅದು ಕದಲಲ್ಲ. ಜಾಗ ಆರಿಸುವಾಗ ದಿಬ್ಬದ ನೆತ್ತಿ ಬೇಡ, ಗಾಳಿ ಇಡೀ ರಾತ್ರಿ ಬಡಿಯುತ್ತದೆ. ದಿಬ್ಬಗಳ ನಡುವಿನ ತಗ್ಗೂ ಬೇಡ, ತಣ್ಣನೆ ಗಾಳಿ ಬಂದು ಅಲ್ಲೇ ಕೂರುತ್ತದೆ. ಗಾಳಿಗೆ ಬೆನ್ನು ಹಾಕಿದ ಬದಿಯಲ್ಲಿ, ಇಳಿಜಾರು ಮುಗಿದು ನೆಲ ಸ್ವಲ್ಪ ಮಟ್ಟವಾಗುವ ಕಡೆ ನೋಡಿ. ಟೆಂಟಿನ ಜಿಪ್ಪಿಗೆ ಮರಳು ಹೊಕ್ಕರೆ ಎಳೆದಾಡಬೇಡಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮೊಬೈಲು, ಕ್ಯಾಮೆರಾ ಎರಡಕ್ಕೂ ಜಿಪ್ ಪ್ಲಾಸ್ಟಿಕ್ ಚೀಲ ಬೇಕೇ ಬೇಕು.

ಉಣ್ಣೆ ಸಾಕ್ಸ್ ಹಾಕಿಕೊಂಡು ಹುಲ್ಲಿನಲ್ಲಿ ಓಡಾಡಬೇಡಿ. ಭುರಟ್ ಅಂತ ಒಂದು ಹುಲ್ಲು ಇದೆ. ಅದರ ಚಿಕ್ಕ ಮುಳ್ಳಿನ ಕಾಯಿಗಳು ಬಟ್ಟೆಗೆ ಅಂಟಿ, ಕೀಳಲು ಹೋದರೆ ಬೆರಳಿಗೆ ಚುಚ್ಚಿ, ಅಲ್ಲಿಂದ ಮತ್ತೆ ಹಾಸಿಗೆಗೆ ಬರುತ್ತವೆ. ನೈಲಾನ್ ಪ್ಯಾಂಟು, ಕಣಕಾಲು ಮುಚ್ಚುವ ಶೂ ಸಾಕು. ಬೆಳಿಗ್ಗೆ ಶೂ ಕೊಡವಿಯೇ ಹಾಕಿಕೊಳ್ಳಿ. ಥಾರ್‌ನಲ್ಲಿ ಗರಗಸ ಮಂಡಲ ಹಾವು, ಚೇಳು ಎರಡೂ ಇವೆ. ಚಳಿಗಾಲದಲ್ಲಿ ಅವುಗಳ ಓಡಾಟ ಕಡಿಮೆ, ಆದರೂ ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಹೋಗಬೇಡಿ.

ನೀರು. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಜಾಗ ಅದು. ಮಳೆನೀರನ್ನು ಟಾಂಕಾ ಅನ್ನುವ ನೆಲದಡಿಯ ತೊಟ್ಟಿಗಳಲ್ಲಿ ಕೂಡಿಟ್ಟುಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿ ಇವತ್ತಿಗೂ ಇದೆ. ಆ ನೀರಿನಲ್ಲಿ ನಾವು ಕೈಕಾಲು ತೊಳೆಯುತ್ತಾ ಕೂರಬಾರದು, ಅಲ್ವಾ? ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್ ಲೆಕ್ಕ ಹಾಕಿ ಜೈಸಲ್ಮೇರ್‌ನಲ್ಲೇ ಕ್ಯಾನ್ ತುಂಬಿಸಿಕೊಂಡು ಜೀಪಿಗೆ ಹಾಕಿ. ಪಾತ್ರೆ ಮರಳಿನಲ್ಲಿ ತಿಕ್ಕಿ ಬಟ್ಟೆಯಿಂದ ಒರೆಸಿದರೆ ಸಾಕು, ಅಲ್ಲಿಯವರು ಹಾಗೇ ಮಾಡುತ್ತಾರೆ, ಥಳಥಳ ಹೊಳೆಯುತ್ತವೆ.

ಊಟಕ್ಕೆ ನಮ್ಮವರಿಗೆ ತೊಂದರೆ ಇಲ್ಲ. ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ, ಮಜ್ಜಿಗೆ. ಕೇರ್ ಸಾಂಗರಿ ಪಲ್ಯ ಕೇಳಿ ಹಾಕಿಸಿಕೊಳ್ಳಿ. ಕೇರ್ ಅಂದರೆ ಅಲ್ಲಿಯ ಮರುಭೂಮಿ ಪೊದೆಯೊಂದರ ಕಾಯಿ, ಸಾಂಗರಿ ಅಂದರೆ ಖೇಜಡಿ ಮರದ ಎಳೆ ಕಾಯಿ ಒಣಗಿಸಿದ್ದು. ಖೇಜಡಿ ಬೇರೆ ಯಾವುದೂ ಅಲ್ಲ, ನಾವು ದಸರೆಗೆ ಎಲೆ ಹಂಚುವ ಬನ್ನಿ ಮರವೇ. ರಾಜಸ್ಥಾನದ ರಾಜ್ಯ ಮರ ಅದು. ಮರಳಿನ ನಡುವೆ ನೆರಳು, ಮೇವು, ಪಲ್ಯ ಮೂರೂ ಕೊಡುತ್ತದೆ. ಅದಕ್ಕೇ ಕ್ಯಾಂಪ್‌ಫೈರ್ ಹಾಕಿಕೊಡುತ್ತೇನೆ ಅಂತ ಯಾರಾದರೂ ಸೌದೆ ತಂದರೆ ಬೇಡ ಅನ್ನಿ. ಒಂದು ಮರ ಬೆಳೆಯಲು ಎಷ್ಟು ವರ್ಷ ಬೇಕೋ, ಒಂದು ಸಂಜೆಯ ಫೋಟೋಗೆ ಅದು ಸುಡಬಾರದು. ಸ್ವೆಟರ್ ಮೇಲೆ ಇನ್ನೊಂದು ಹಾಕಿಕೊಂಡರಾಯಿತು.

ಇನ್ನು ನಾನು ಅಲ್ಲಿಗೆ ಹೋದ ಕಾರಣ. ಎರೆಭೂತ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅಲ್ಲಿ ಗೋಡಾವಣ್ ಅನ್ನುತ್ತಾರೆ, ರಾಜಸ್ಥಾನದ ರಾಜ್ಯ ಪಕ್ಷಿ. ಇವತ್ತು ಇಡೀ ಜಗತ್ತಿನಲ್ಲಿ ಕಾಡಿನಲ್ಲಿ ಉಳಿದಿರುವುದು 150ಕ್ಕಿಂತ ಕಡಿಮೆ, ಅದರಲ್ಲಿ ಬಹುಪಾಲು ಜೈಸಲ್ಮೇರ್ ಸುತ್ತಮುತ್ತಲೇ. ನಮ್ಮ ಹಾವೇರಿ ಜಿಲ್ಲೆಯವರು ಇದನ್ನು ಸುಮ್ನೆ ಓದಿ ಬಿಡುವ ಹಾಗಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಆದದ್ದು, 119 ಚದರ ಕಿಲೋಮೀಟರ್, ಒಂದು ಕಾಲಕ್ಕೆ ಈ ಹಕ್ಕಿಗೂ ಹೆಸರಾಗಿತ್ತು. ಬಯಲು ಹುಲ್ಲುಗಾವಲು ಅದಕ್ಕೆ ಬೇಕು. ನಮ್ಮಲ್ಲಿ ಆ ಬಯಲಿನ ತುಂಬಾ ನೀಲಗಿರಿ ನೆಟ್ಟರು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ಎರೆಭೂತ ಹೋಯಿತು. ನಮ್ಮ ರಾಜ್ಯದಲ್ಲಿ ಈಗ ಅದರ ಹೆಸರು ಕೇಳುವುದು ಬಳ್ಳಾರಿಯ ಸಿರುಗುಪ್ಪ ಕಡೆ ಮಾತ್ರ, ಅದೂ ಬೆರಳೆಣಿಕೆಯಷ್ಟು.

ಸುದಾಸರಿಯಲ್ಲಿ ಬೆಳಿಗ್ಗೆ ಬೇಗ ಹೋಗಿ, ಬಿಸಿಲು ಏರಿದ ಮೇಲೆ ನೆಲದ ಮೇಲಿನ ಗಾಳಿ ನಡುಗಿ ದೂರದ್ದೇನೂ ಸ್ಪಷ್ಟ ಕಾಣಲ್ಲ. ದುರ್ಬೀನು ಇಲ್ಲದೆ ಹೋಗಬೇಡಿ. ಜೀಪಿನಿಂದ ಇಳಿಯಬೇಡಿ. ನಮಗೆ ಮೊದಲು ಕಂಡದ್ದು ಚಿಂಕಾರ ಅನ್ನುವ ಸಣ್ಣ ಜಿಂಕೆಗಳು, ಆಮೇಲೆ ಒಂದು ಮರುಭೂಮಿ ನರಿ, ಬಿಲದ ಬಾಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿತ್ತು. ಎರೆಭೂತ ಕಂಡಾಗ ಅದು ಹಕ್ಕಿ ಅಂತ ಕೂಡಲೇ ಹೊಳೆಯಲಿಲ್ಲ. ಸೇವಣ್ ಹುಲ್ಲಿನ ಮೇಲೆ ಬಿಳಿ ಕತ್ತು ಒಂದು ನೆಟ್ಟಗೆ ನಿಂತಿತ್ತು, ತಲೆ ಮೇಲೆ ಕಪ್ಪು ಟೋಪಿ. ಹತ್ತಿರತ್ತಿರ ಒಂದು ಮೀಟರ್ ಎತ್ತರ. ಆಮೇಲೆ ನಡೆಯಿತು. ಬದುವಿನ ಮೇಲೆ ಕೈ ಹಿಂದೆ ಕಟ್ಟಿಕೊಂಡು ಹೊಲ ನೋಡುತ್ತಾ ಹೋಗುವ ಹಿರಿಯರ ಹಾಗೆ, ಒಂದೊಂದೇ ಹೆಜ್ಜೆ, ನಿಂತು, ಬಗ್ಗಿ ಏನೋ ಹೆಕ್ಕಿ, ಮತ್ತೆ ಒಂದು ಹೆಜ್ಜೆ. ಜೀಪಿನಲ್ಲಿ ಯಾರೂ ಮಾತಾಡಲಿಲ್ಲ. ನನಗೆ ಕಣ್ಣು ತುಂಬಿ ದುರ್ಬೀನು ಮಸುಕಾಯಿತು.

ಈ ಹಕ್ಕಿಗೆ ದೊಡ್ಡ ಕಂಟಕ ವಿದ್ಯುತ್ ತಂತಿ. ಗಂಡು 15 ಕಿಲೋವರೆಗೂ ತೂಗುತ್ತದೆ, ಕಣ್ಣುಗಳು ತಲೆಯ ಪಕ್ಕದಲ್ಲಿ, ಎದುರಿಗೆ ಇರುವ ತಂತಿ ಸರಿಯಾಗಿ ಕಾಣಲ್ಲ. ಕಂಡರೂ ಅಷ್ಟು ಭಾರದ ಮೈ ತಕ್ಷಣ ತಿರುಗಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ತಂತಿಗಳನ್ನು ನೆಲದಡಿಗೆ ಹಾಕಿ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಸಮ್ ಮತ್ತು ರಾಮದೇವ್ರಾದಲ್ಲಿ ಮರಿ ಮಾಡಿಸುವ ಕೇಂದ್ರಗಳಿವೆ, 2024ರ ಅಕ್ಟೋಬರ್‌ನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಅವು ಪ್ರವಾಸಿಗರು ನುಗ್ಗುವ ಜಾಗಗಳಲ್ಲ, ಒಳಗೆ ಬಿಡಿ ಅಂತ ಯಾರನ್ನೂ ಪೀಡಿಸಬೇಡಿ. ಜೀಪಿನವರು ಹುಲ್ಲಿನೊಳಗೆ ಅಡ್ಡ ಹಾಕಿ ಹತ್ತಿರ ತೋರಿಸುತ್ತೇನೆ ಅಂದರೆ ಒಪ್ಪಬೇಡಿ. ನಮಗೂ ಒಬ್ಬರು ಹಾಗಂದರು. ದುಡ್ಡು ಪೂರ್ತಿ ಕೊಡುತ್ತೇವೆ, ದಾರಿ ಬಿಡಬೇಡಿ ಅಂದೆವು, ಸುಮ್ಮನಾದರು.

ರಾತ್ರಿ ನಕ್ಷತ್ರ ನೋಡಬೇಕಾದರೆ ಅಮಾವಾಸ್ಯೆ ಹತ್ತಿರದ ದಿನ ಹಿಡಿಯಿರಿ. ಡಿಸೆಂಬರ್ 13, 14ರ ಸುಮಾರಿಗೆ ಜೆಮಿನಿಡ್ ಉಲ್ಕೆಗಳು ಬೀಳುತ್ತವೆ, ಆಗ ಚಂದ್ರ ಇಲ್ಲದಿದ್ದರೆ ನಿದ್ದೆ ಬಿಟ್ಟು ಕೂರಬಹುದು. ಕೆಲವು ಕಡೆ ದಿಗಂತದಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತವೆ, ಕಪ್ಪತಗುಡ್ಡದ ಕಡೆಯವರಿಗೆ ಹೊಸದೇನಲ್ಲ. ಟೆಂಟಿನ ಬಾಗಿಲು ಅದಕ್ಕೆ ಬೆನ್ನು ಮಾಡಿ ಹಾಕಿ.

ವಾಪಸ್ ಬರುವಾಗ ಅರ್ಧ ದಿನ ಉಳಿದರೆ ಬಾಡ್ಮೇರ್ ರಸ್ತೆಯಲ್ಲಿ 17 ಕಿಲೋಮೀಟರ್ ದೂರದ ಆಕಲ್ ನೋಡಿ, 18 ಕೋಟಿ ವರ್ಷ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ಜೋಧಪುರದಲ್ಲಿ ರೈಲಿಗೆ ಹೊತ್ತಿದ್ದರೆ ಖೇಜಡ್ಲಿ ಹಳ್ಳಿಗೆ ಟ್ಯಾಕ್ಸಿ ಮಾತಾಡಿಕೊಳ್ಳಿ. 1730ರಲ್ಲಿ ಬನ್ನಿ ಮರ ಕಡಿಯಲು ಬಂದ ಅರಸನ ಆಳುಗಳ ಎದುರು ಮರ ಅಪ್ಪಿಕೊಂಡು ಅಮೃತಾದೇವಿ ಮತ್ತು ಇತರರು ಸೇರಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟ ಊರು. ಹೋಗಿ ಬರಲು ಎರಡು ಮೂರು ಗಂಟೆ ಇಟ್ಟುಕೊಳ್ಳಿ, ಲಗೇಜನ್ನು ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಟ್ಟರೆ ಓಡಾಟ ಹಗುರ.