ಕಣ್ಣು ಮುಚ್ಚಿದರೆ ಗೇಟು ಯಾರು ನೋಡುವವರು?

19 ನವೆಂಬರ್ 2025, ಬುಧವಾರ

ನರಸೀಪುರದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ ಕೇಳಿದ್ದು ಊಟವಾಯಿತೇ ಎಂದಲ್ಲ, ಗಂಟೆ ಎಲ್ಲಿ ಎಂದು. ಅಂಗನವಾಡಿ ಕಾರ್ಯಕರ್ತೆಯರಿಗೆ ನಾನು ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ ಪೂರ್ತಿ ಗಮನ ಕೊಡುವ ಅಭ್ಯಾಸ, ಕಲಿಸುತ್ತೇನೆ. ದೇವರ ಮನೆಯ ಕಂಚಿನ ಗಂಟೆಯನ್ನು ಆ ತರಬೇತಿಗೆ ಒಯ್ಯುವುದು ಅವರಿಗೆ ಸುತರಾಂ ಇಷ್ಟವಿಲ್ಲ. ಮಕ್ಕಳು ಎಂಜಲು ಕೈಯಲ್ಲಿ ಮುಟ್ಟುತ್ತಾರೆ ಎನ್ನುವುದು ಒಂದು ತಕರಾರು, ಬೆಳಗಿನ ಮಂಗಳಾರತಿಗೆ ಸಿಗುವುದಿಲ್ಲ ಎನ್ನುವುದು ಇನ್ನೊಂದು. ನಮ್ಮ ಕಾರ್ಯಕ್ರಮಕ್ಕೆ ಹಣ ಕೊಡುವವರು ಬಾರಿಸಿದರೆ ನಾದ ಹೊಮ್ಮುವ ಟಿಬೆಟಿನ ಬಟ್ಟಲೊಂದನ್ನು ಆನ್‌ಲೈನಿನಲ್ಲಿ ಕೊಳ್ಳಿ ಎಂದಿದ್ದರು. ಆ ದುಡ್ಡಿಗೆ ಒಂದು ಅಂಗನವಾಡಿಗೆ ಒಳ್ಳೆಯ ಚಾಪೆ ಬರುತ್ತದೆ. ಗಂಟೆಗೆ ಹುಣಸೆಹಣ್ಣು ತಿಕ್ಕಿ ತೊಳೆದಿಟ್ಟೆ. ಅತ್ತೆ ಇನ್ನೂ ಸರಿಯಾಗಿ ಮಾತನಾಡಿಲ್ಲ.

ಬೆಳಗಿನ ತರಬೇತಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಭಾಂಗಣ, ಪ್ಲಾಸ್ಟಿಕ್ ಕುರ್ಚಿ, ಕೈಕೊಟ್ಟ ಮೈಕು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಾಟ್-ಝಿನ್ ಆರಂಭಿಸಿದ ಮೈಂಡ್‌ಫುಲ್‌ನೆಸ್ ತರಬೇತಿಯಲ್ಲಿ ಒಂದು ಒಣದ್ರಾಕ್ಷಿಯನ್ನು ಕೈಯಲ್ಲಿಟ್ಟುಕೊಂಡು ನೋಡಿ, ಮೂಸಿ, ನಿಧಾನವಾಗಿ ಅಗಿಯುವ ಅಭ್ಯಾಸವಿದೆಯಲ್ಲ, ಅದನ್ನು ನಾನು ಕಡಲೆಬೀಜಕ್ಕೆ ಇಳಿಸಿದ್ದೇನೆ. ಎಲ್ಲರಿಗೂ ಒಂದೊಂದು ಕೊಟ್ಟು, ಜೀವನದಲ್ಲಿ ಮೊದಲ ಸಲ ಕಡಲೆಬೀಜ ನೋಡುತ್ತಿರುವಂತೆ ನೋಡಿ ಎಂದೆ. ಮುಂದಿನ ಸಾಲಿನ ಹಿರಿಯ ಕಾರ್ಯಕರ್ತೆಯೊಬ್ಬರು ಬೀಜವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, "ಮೇಡಂ, ಇದಕ್ಕೆ ಹುಳು ಬಿದ್ದಿದೆ" ಎಂದರು. ನಿಜವಾಗಿಯೂ ಬಿದ್ದಿತ್ತು. ಸೂಜಿಮೊನೆಯಷ್ಟು ತೂತು. ಉಳಿದವರೆಲ್ಲ ತಮ್ಮ ತಮ್ಮ ಬೀಜ ಪರೀಕ್ಷಿಸಲು ತೊಡಗಿ, ಅಭ್ಯಾಸ ಹೋಗಿ ದಾಸ್ತಾನು ತಪಾಸಣೆಯಾಯಿತು. ನಾನು ಅಂಗಡಿಯಲ್ಲಿ ಕೊಳ್ಳುವಾಗ ನೋಡಿದ್ದು ಬೆಲೆಯನ್ನು ಮಾತ್ರ.

ಮಧ್ಯಾಹ್ನ ಅವರದೇ ಕೇಂದ್ರಕ್ಕೆ ಹೋದೆ. ಹಳ್ಳಿಯ ಅಂಚಿನಲ್ಲಿ ಒಂದೇ ಕೋಣೆ, ಪಕ್ಕಕ್ಕೆ ಅಡುಗೆಯ ಮೂಲೆ. ಮುಂದೆ ಕಬ್ಬಿಣದ ಗೇಟು. ಚಿಲಕ ಎಂದೋ ಕಿತ್ತುಹೋಗಿ ಹಳೆಯ ಸೀರೆಯ ಅಂಚನ್ನು ಎರಡು ಸುತ್ತು ಸುತ್ತಿ ಗಂಟು ಹಾಕಿದ್ದಾರೆ. ಗೇಟಿನಾಚೆ ರಸ್ತೆ, ಅದರಾಚೆ ತುಂಬಿ ಹರಿಯುವ ನಾಲೆ. ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಪ್ರಾಯೋಗಿಕವಾಗಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಕಡೆಗಳಲ್ಲಿ. ಕರ್ನಾಟಕದ ಪಾಲಿಗೆ ಬಂದದ್ದು ಇದೇ ಟಿ. ನರಸೀಪುರ. ಅಂದರೆ ನಮ್ಮ ರಾಜ್ಯದ ಅಂಗನವಾಡಿಗೆ ಐವತ್ತು ತುಂಬಿದ್ದು ಈ ತಾಲ್ಲೂಕಿನಲ್ಲೇ. ಐವತ್ತು ವರ್ಷಕ್ಕೆ ಒಂದು ಚಿಲಕ ಹಾಕಿಸಬಾರದೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರಿಗೆ ಹೇಳಿ ಏನು ಪ್ರಯೋಜನ?

ಸಂಸ್ಥೆಗೆ ಒಂದು ಫೋಟೊ ಬೇಕು: ಮಕ್ಕಳು ಸಾಲಾಗಿ ಕುಳಿತು, ಕಣ್ಣು ಮುಚ್ಚಿ, ಶಾಂತವಾಗಿರುವ ಫೋಟೊ. ಹಾಗಾಗಿ ಮಕ್ಕಳನ್ನು ಕೂರಿಸಿ "ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ ನೋಡೋಣ" ಎಂದೆ. ಮುಚ್ಚಿಕೊಂಡರು, ಎರಡೂ ಅಂಗೈಗಳಿಂದ. ಒಂದು ಕ್ಷಣ ಅಷ್ಟೇ. ಹಿಂದಿನ ಸಾಲಿನಿಂದ ಒಬ್ಬ ಎದ್ದು ಓಡಿ ಅಕ್ಕಿಯ ಡ್ರಮ್ಮಿನ ಹಿಂದೆ ಅವಿತುಕೊಂಡ. ಇನ್ನಿಬ್ಬರು ಬಾಗಿಲ ಸಂದಿಗೆ. ಅವರ ಪ್ರಕಾರ ಆಟ ಶುರುವಾಗಿತ್ತು, ಕಳ್ಳ ನಾನು. ನಾಲ್ಕು ವರ್ಷದ ಮಗುವಿಗೆ ಕಣ್ಣು ಮುಚ್ಚು ಎಂದರೆ ಕಣ್ಣಾಮುಚ್ಚಾಲೆಯಲ್ಲದೆ ಬೇರೇನು ಇರಲು ಸಾಧ್ಯ? ನಕ್ಕೂ ನಕ್ಕೂ ಸಾಕಾಯಿತು. ಫೋಟೊ ಸಿಗಲಿಲ್ಲ.

ಮಕ್ಕಳು ಚದುರಿದ ಮೇಲೆ ಆ ಕಾರ್ಯಕರ್ತೆ ಹೊಸ್ತಿಲ ಹತ್ತಿರ ಬಂದು ನಿಂತರು. ಗೇಟು ಕಾಣುವಂತೆ ನಿಂತರು ಎಂಬುದನ್ನು ನಾನು ಆಮೇಲೆ ಗಮನಿಸಿದೆ.

"ಒಂದು ಮಾತು ಕೇಳಲೇ ಮೇಡಂ? ಬೇಸರ ಮಾಡಿಕೊಳ್ಳಬೇಡಿ."

"ಕೇಳಿ ಅಕ್ಕ."

"ಬೆಳಗ್ಗೆ ನಮಗೂ ಕಣ್ಣು ಮುಚ್ಚಿ ಎಂದಿರಿ. ದಿನಾ ಮಕ್ಕಳ ಜೊತೆ ಐದು ನಿಮಿಷ ಹಾಗೇ ಕುಳಿತುಕೊಳ್ಳಿ ಎಂದಿರಿ. ನಾನು ಕಣ್ಣು ಮುಚ್ಚಿದರೆ ಗೇಟು ಯಾರು ನೋಡುವವರು?"

ಸಹಾಯಕಿ ಇರುತ್ತಾರಲ್ಲ ಎಂದೆ. ಸಹಾಯಕಿ ಆಗ ಜ್ವರ ಬಂದ ಮಗುವೊಂದನ್ನು ಮನೆಗೆ ಬಿಡಲು ಹೋಗಿದ್ದರು. ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿದವರೂ ಈಕೆಯೇ.

"ಉಸಿರು ಗಮನಿಸಿ ಎಂದಿರಿ. ಊಟವಾದ ಮೇಲೆ ಮಕ್ಕಳು ಮಲಗುತ್ತಾರೆ, ಆಗ ನಾನು ಒಬ್ಬೊಬ್ಬರ ಉಸಿರನ್ನೂ ನೋಡುತ್ತೇನೆ. ಯಾರಿಗೆ ಮೂಗು ಕಟ್ಟಿದೆ, ಯಾರ ಎದೆ ಗೊರಗೊರ ಎನ್ನುತ್ತಿದೆ, ಯಾರಿಗೆ ಪಕ್ಕೆ ಸೆಳೆಯುತ್ತಿದೆ ಎಂದು. ಪಕ್ಕೆ ಸೆಳೆದರೆ ಕಾಯುವ ಹಾಗಿಲ್ಲ, ಆಸ್ಪತ್ರೆಗೇ ಹೋಗಬೇಕು. ಹೋದ ಮಳೆಗಾಲದಲ್ಲಿ ಒಂದು ಮಗುವನ್ನು ಹಾಗೆಯೇ ಕಳುಹಿಸಿದೆವು. ಈಗ ಅಲ್ಲಿ ಡ್ರಮ್ಮಿನ ಹಿಂದೆ ಅಡಗಿದನಲ್ಲ, ಅವನೇ."

ನನ್ನ ಚೀಲದಲ್ಲಿ ಬಣ್ಣಬಣ್ಣದ ಕೈಪಿಡಿ ಇತ್ತು. ಮಗು ಅಂಗಾತ ಮಲಗಿ ಹೊಟ್ಟೆಯ ಮೇಲೆ ಬೊಂಬೆ ಇಟ್ಟುಕೊಂಡು ಅದು ಏರಿ ಇಳಿಯುವುದನ್ನು ನೋಡುವ ಚಿತ್ರ ಅದರ ಮುಖಪುಟದಲ್ಲೇ ಇದೆ. ಅದನ್ನು ಹೊರಗೆ ತೆಗೆಯಲು ಮನಸ್ಸಾಗಲಿಲ್ಲ.

ಅವರ ಮಾತಿನಲ್ಲಿ ದೂರು ಇರಲಿಲ್ಲ. ಸುಮ್ಮನೆ ಲೆಕ್ಕ ಒಪ್ಪಿಸಿದಂತೆ ಹೇಳಿದರು. ಆಮೇಲೆ ಕೇಳಿದರು: "ಒಂದು ಹತ್ತು ನಿಮಿಷ ನೀವು ಇವರನ್ನು ನೋಡಿಕೊಳ್ಳುತ್ತೀರಾ? ಮುಖ ತೊಳೆದುಕೊಂಡು ಬರುತ್ತೇನೆ."

ನೋಡಿಕೊಂಡೆ. ಬೆನ್ನು ಗೋಡೆಗೆ, ಕಣ್ಣು ಗೇಟಿಗೆ. ಕಣ್ಣು ಮುಚ್ಚುವ ಗೊಡವೆಯೇ ಬೇಡ ಎಂದು ಗಂಟೆ ತೆಗೆದೆ. ನಾದ ಪೂರ್ತಿ ಮುಗಿಯುವವರೆಗೆ ಕೇಳುತ್ತಾ ಇರಿ, ಮುಗಿದ ಮೇಲೆ ಕೈ ಎತ್ತಿ, ಬೇರೇನು ಕೇಳಿಸಿತೋ ಹೇಳಿ ಎಂದೆ. ಎಷ್ಟೋ ಕಡೆ ಮಾಡಿಸಿದ ಅಭ್ಯಾಸವೇ. ಟ್ರ್ಯಾಕ್ಟರ್ ಎಂದ ಒಬ್ಬ. ಕಾಗೆ. ಇನ್ನೊಬ್ಬಳಿಗೆ ಕಾಗೆಯೇ ಕೇಳಿಸಲಿಲ್ಲವೆಂದು ಜಗಳ. ಎರಡು ಜಡೆಯ ಒಂದು ಹುಡುಗಿ ಮಾತ್ರ ಎಲ್ಲರೂ ಕೈ ಇಳಿಸಿದ ಮೇಲೂ ತಲೆ ಓರೆ ಮಾಡಿಕೊಂಡು ಕುಳಿತೇ ಇದ್ದಳು. ಏನು ಕೇಳಿಸುತ್ತಿದೆ ಪುಟ್ಟಿ ಎಂದೆ.

"ಮಿಸ್ ಹೊರಗೆ ಮಾತನಾಡುತ್ತಿದ್ದಾರೆ."

"ಏನು ಮಾತನಾಡುತ್ತಿದ್ದಾರೆ?"

"ಗೊತ್ತಿಲ್ಲ." ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಇವತ್ತು ಕೋಪ ಇಲ್ಲ" ಎಂದಳು.

ಎದ್ದು ಕಿಟಕಿಯಿಂದ ಇಣುಕಿದೆ. ಮುಖ ತೊಳೆಯಲು ಹೋದವರು ತೊಟ್ಟಿಯ ಹತ್ತಿರ ಮೊಬೈಲ್ ಹಿಡಿದು ನಿಂತಿದ್ದರು. ಎದುರಿಗೆ ಗರ್ಭಿಣಿಯೊಬ್ಬಳು ಬಿಸಿಲಿಗೆ ಮುಖ ಒಡ್ಡಿದ್ದಳು. ಅಂಗನವಾಡಿಯ ಲೆಕ್ಕವಿಡುವ ಸರ್ಕಾರಿ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಮುಖ ಹೊಂದಿಕೆಯಾಗದೆ ಆಹಾರದ ಪೊಟ್ಟಣ ವಿತರಿಸುವಂತಿಲ್ಲ ಎಂಬ ನಿಯಮ ಈ ವರ್ಷದ್ದು. ಆ್ಯಪ್ 2021ರಿಂದ ಇದೆ. ಮುಖದ ಕಾಟ ಹೊಸದು. ನೆಟ್‌ವರ್ಕ್ ಬರುವುದು ತೊಟ್ಟಿಯ ಬಳಿ ಮಾತ್ರ. "ಸ್ವಲ್ಪ ಈ ಕಡೆ ತಿರುಗಮ್ಮ, ಇನ್ನೊಂದು ಸಲ" ಎನ್ನುತ್ತಿದ್ದರು. ಹುಡುಗಿ ಹೇಳಿದ್ದು ಸರಿ, ದನಿಯಲ್ಲಿ ಕೋಪವಿರಲಿಲ್ಲ. ಅವರಿಗೆ ಸಿಕ್ಕ ಹತ್ತು ನಿಮಿಷ ಹೀಗೆ ಹೋಯಿತು.

ಬಸ್ಸಿನಲ್ಲಿ ವರುಣ ದಾಟುವವರೆಗೂ ಆ ಹುಡುಗಿಯದೇ ಯೋಚನೆ. ದಿನಾ ಬೆಳಗ್ಗೆ ಚಾಪೆಯ ಮೇಲೆ ಕುಳಿತು ಅವಳು ಮಿಸ್ಸಿನ ದನಿಯನ್ನು ಅಳೆಯುತ್ತಾಳೆ. ಇಂದು ಹತ್ತಿರ ಹೋಗಬಹುದೇ, ದೂರ ಇರಬೇಕೇ. ಮಳೆ ಬರುತ್ತದೋ ಇಲ್ಲವೋ ಎಂದು ರೈತ ಮುಗಿಲು ನೋಡುವ ಹಾಗೆ. ಇಷ್ಟು ಗಮನ ಇರುವ ಮಗುವಿಗೆ ಗಮನ ಕಲಿಸಲು ನಾನು ಮೈಸೂರಿನಿಂದ ಗಂಟೆ ಹೊತ್ತು ಹೋಗಿದ್ದೆ.

ಸಂಸ್ಥೆಯವರು ಮಾತೆತ್ತಿದರೆ ದೆಹಲಿ ಎನ್ನುತ್ತಾರೆ. 2018ರ ಜುಲೈನಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ಹ್ಯಾಪಿನೆಸ್ ಪಾಠ ಆರಂಭವಾಯಿತು, ಪಾಠ ಶುರುವಾಗುತ್ತಿದ್ದುದೇ ಮೈಂಡ್‌ಫುಲ್‌ನೆಸ್‌ನಿಂದ, ನಿಜ. ಆದರೆ ಅಲ್ಲಿ ಶಾಲೆ ಇದೆ, ಕಾಂಪೌಂಡು ಇದೆ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ಶಿಕ್ಷಕಿ ಇರುತ್ತಾರೆ. ಇಲ್ಲಿ ಸೀರೆಯ ಅಂಚು.

ಬ್ರಿಟನ್ನಿನ ಮಿರಿಯಡ್ ಅಧ್ಯಯನವನ್ನು ಮತ್ತೆ ತೆಗೆದು ನೋಡಿದೆ. 2022ರಲ್ಲಿ ಪ್ರಕಟವಾದದ್ದು, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಮಾಧ್ಯಮಿಕ ಶಾಲೆಯ ಮಕ್ಕಳು ಅವರು, ನಮ್ಮ ಪುಟಾಣಿಗಳಲ್ಲ, ಅದು ಬೇರೆ ಮಾತು. ಶಿಕ್ಷಕರಿಗೆ ತರಬೇತಿ ಕೊಟ್ಟು ಅವರಿಂದ ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಕಲಿಸಿದರು. ಮಕ್ಕಳ ಮಾನಸಿಕ ಆರೋಗ್ಯದಲ್ಲಿ, ಎಂದಿನ ಪಾಠ ಕೇಳಿದವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಶಿಕ್ಷಕರ ಬಳಲಿಕೆ ಮಾತ್ರ ಕೊಂಚ ಇಳಿದಿತ್ತು. ಅದೂ ವರ್ಷ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಕರಗಿಹೋಯಿತು. ಇದನ್ನು ಓದಿದಾಗಲೆಲ್ಲ ನನ್ನ ಕಸುಬಿನ ಬುಡವೇ ಅಲ್ಲಾಡಿದಂತಾಗುತ್ತಿತ್ತು. ಇಂದು ಹಾಗೆನಿಸಲಿಲ್ಲ. ಶಿಕ್ಷಕಿಗೆ ಸಿಗಲಿ ಮೊದಲು, ಮಕ್ಕಳು ಅವಳ ದನಿಯಿಂದ ತೆಗೆದುಕೊಳ್ಳುತ್ತಾರೆ. ಆದರೆ ಶಿಕ್ಷಕಿಗೆ ಉಸಿರಾಟದ ಪಾಠ ಸಿಗಬೇಕೋ, ಅವಳ ಜಾಗದಲ್ಲಿ ನಿಂತು ಗೇಟು ನೋಡುವ ಇನ್ನೊಂದು ಜೀವ ಸಿಗಬೇಕೋ? ಎರಡನೆಯದಕ್ಕೆ ಕೈಪಿಡಿಯಲ್ಲಿ ಪುಟವಿಲ್ಲ.

ಕರೆಂಟು ಹೋಗಿ ಬಂತು. ದೋಸೆ ಹಿಟ್ಟು ರುಬ್ಬುವುದು ಅರ್ಧಕ್ಕೇ ನಿಂತಿತ್ತು, ಈಗ ಮುಗಿಯಿತು. ಮಗಳು ಫೋನ್ ಮಾಡಿ, ನಿನ್ನ ಧ್ಯಾನದ ಕೆಲಸ ಹೇಗಿದೆ ಅಮ್ಮ ಎಂದು ನಗುತ್ತಾ ಕೇಳಿದಳು. ಡ್ರಮ್ಮಿನ ಹಿಂದಿನ ಕಥೆ ಹೇಳಿದೆ. ಅವಳಿಗೆ ಅದೊಂದೇ ಸಾಕಾಯಿತು.

ನಾಳೆ ವರದಿ ಕಳುಹಿಸಬೇಕು. ನಮೂನೆಯಲ್ಲಿ "ಶಾಂತ ಸ್ಥಿತಿ ತಲುಪಿದ ಮಕ್ಕಳ ಸಂಖ್ಯೆ" ಎಂದು ಒಂದು ಅಂಕಣ. ಖಾಲಿ ಬಿಡುತ್ತೇನೆ, ಕೇಳಿದರೆ ಉತ್ತರ ಕೊಡೋಣ. ಫೋಟೊದ ಜಾಗಕ್ಕೆ ಗೇಟಿನದನ್ನೇ ಹಾಕಿದರೆ ಹೇಗೆ? ಹೊರಡುವಾಗ ಒಂದು ತೆಗೆದುಕೊಂಡಿದ್ದೇನೆ. ಮುಂದಿನ ಸುತ್ತಿಗೆ ಸಹಾಯಕಿಯರನ್ನೂ ಕರೆಯಬೇಕೆಂದು ಬರೆಯಬೇಕು. ಅವರು ನಮ್ಮ ಪಟ್ಟಿಯಲ್ಲೇ ಇಲ್ಲ. ಗುಡಿಸುವವರು, ಬೇಯಿಸುವವರು, ಮಗುವನ್ನು ಎತ್ತಿಕೊಂಡು ಮನೆಗೆ ಬಿಟ್ಟು ಬರುವವರು ಅವರೇ. ಆದರೆ ಇಬ್ಬರನ್ನೂ ಒಂದೇ ದಿನ ತರಬೇತಿಗೆ ಕರೆದರೆ ಅಂದು ಕೇಂದ್ರದಲ್ಲಿ…