ಹಸುವಿನ ತಲೆಯ ಕಟ್ಟಡದಿಂದ ಓಕ್ ಮರದ ಬುಡದವರೆಗೆ

ಲಂಡನ್ನಿನ ಚೆಲ್ಸಿಯಲ್ಲಿರುವ ಓಲ್ಡ್ ಚರ್ಚ್ ಸ್ಟ್ರೀಟಿನಲ್ಲಿ ತಲೆಯೆತ್ತಿ ನಡೆಯುವವರ ಕಣ್ಣಿಗೆ ಮಾತ್ರ ಬೀಳುವ ಹಸುವಿನ ತಲೆಯ ಶಿಲ್ಪವೊಂದಿದೆ. ಒಂದು ಕಾಲಕ್ಕೆ ಹಾಲಿನ ಡೈರಿಯಾಗಿದ್ದ ಆ ಕಟ್ಟಡದಲ್ಲಿ 1960ರ ದಶಕದಲ್ಲಿ ಸೌಂಡ್ ಟೆಕ್ನಿಕ್ಸ್ ಎಂಬ ಧ್ವನಿಮುದ್ರಣ ಸ್ಟುಡಿಯೋ ನಡೆಯುತ್ತಿತ್ತು. ಇಂದಿನ ಇಂಡಿ ಫೋಕ್ (ದೊಡ್ಡ ಕಂಪನಿಗಳ ಹಂಗಿಲ್ಲದ, ಜನಪದ ಧಾಟಿಯ ಸಂಗೀತ) ಗಾಯಕರಲ್ಲಿ ಅನೇಕರು ತಮ್ಮ ಪೂರ್ವಜನೆಂದು ಭಾವಿಸುವ ಇಂಗ್ಲಿಷ್ ಗಾಯಕ ನಿಕ್ ಡ್ರೇಕ್‌ನ ಮೂರು ಆಲ್ಬಮ್‌ಗಳು ಬಹುಪಾಲು ಇಲ್ಲಿಯೇ ರೂಪುಗೊಂಡವು. ಬಿಡುಗಡೆಯಾದಾಗ ಅವುಗಳಲ್ಲಿ ಒಂದೂ ಐದು ಸಾವಿರ ಪ್ರತಿ ದಾಟಲಿಲ್ಲ. 1974ರ ನವೆಂಬರಿನಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅವನು ತೀರಿಕೊಂಡ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಗಿಟಾರ್ ನುಡಿಸುತ್ತಿದ್ದ ಹುಡುಗ ಎಂದೇ ನಾನೂ ಬಹಳ ವರ್ಷ ಅವನನ್ನು ಕಲ್ಪಿಸಿಕೊಂಡಿದ್ದೆ. ಆಲ್ಬಮ್‌ಗಳ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದ ವಾದ್ಯಗಾರರ ಹೆಸರುಗಳನ್ನು ಓದಿದ ಮೇಲೆ ಆ ಕಲ್ಪನೆ ಸಡಿಲವಾಯಿತು; ಈ ಪ್ರವಾಸ ಹೊರಟದ್ದೂ ಆ ಹೆಸರುಗಳ ಬೆನ್ನು ಹಿಡಿದೇ.

ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ಫೋಕ್-ರಾಕ್ ತಂಡದ ಆಶ್ಲಿ ಹಚಿಂಗ್ಸ್ ಲಂಡನ್ನಿನ ಕಾರ್ಯಕ್ರಮವೊಂದರಲ್ಲಿ ನಿಕ್‌ನ ಹಾಡು ಕೇಳಿ ನಿರ್ಮಾಪಕ ಜೋ ಬಾಯ್ಡ್ ಅವರಿಗೆ ತಿಳಿಸದೇ ಹೋಗಿದ್ದರೆ ಈ ಡೈರಿಯ ಮೆಟ್ಟಿಲನ್ನು ಅವನು ಹತ್ತುತ್ತಿದ್ದನೋ ಇಲ್ಲವೋ. 1969ರ ಮೊದಲ ಆಲ್ಬಮ್ 'ಫೈವ್ ಲೀವ್ಸ್ ಲೆಫ್ಟ್'ಗಾಗಿ ಬಾಯ್ಡ್ ಮೊದಲು ಅನುಭವಿ ವಾದ್ಯಸಂಯೋಜಕರೊಬ್ಬರನ್ನು ಕರೆಸಿದ್ದರು. ಮಾತೇ ಅಪರೂಪವಾಗಿದ್ದ ನಿಕ್ ಆ ಸಂಯೋಜನೆಯನ್ನು ಒಪ್ಪದೆ, ಕೇಂಬ್ರಿಜ್‌ನಲ್ಲಿ ತನ್ನ ಗೆಳೆಯನೊಬ್ಬನಿದ್ದಾನೆ, ಅವನು ಮಾಡಬಲ್ಲ ಎಂದ. ಆ ಗೆಳೆಯ ರಾಬರ್ಟ್ ಕಿರ್ಬಿ, ಸ್ಟುಡಿಯೋ ಕೆಲಸದ ಅನುಭವವಿಲ್ಲದ ವಿದ್ಯಾರ್ಥಿ. ಕಿರ್ಬಿ ಸಂಯೋಜಿಸಿದ 'ವೇ ಟು ಬ್ಲೂ'ನಲ್ಲಿ ಗಿಟಾರ್ ಇಲ್ಲವೇ ಇಲ್ಲ. ತಂತಿವಾದ್ಯಗಳು ಮತ್ತು ಕಂಠ, ಅಷ್ಟೇ. ಪ್ರತಿ ಹಾಡಿಗೂ ತಂತಿಗಳ ಶ್ರುತಿ ಬದಲಿಸುವಷ್ಟು ಗಿಟಾರನ್ನು ಹಚ್ಚಿಕೊಂಡಿದ್ದವನು ಅದನ್ನು ಪಕ್ಕಕ್ಕಿಟ್ಟು, ತನ್ನ ಹಾಡನ್ನು ಇಡಿಯಾಗಿ ಗೆಳೆಯನ ಕೈಗೆ ಕೊಟ್ಟ ಆ ನಂಬಿಕೆ ನನಗೆ ದೊಡ್ಡದಾಗಿ ಕಾಣುತ್ತದೆ.

'ರಿವರ್ ಮ್ಯಾನ್' ಮಾತ್ರ ಕಿರ್ಬಿಯ ಕೈಗೆ ಸಿಗಲಿಲ್ಲ. ಅದಕ್ಕೆ ಸಿನಿಮಾ ಸಂಗೀತದಲ್ಲಿ ಪಳಗಿದ್ದ ಹ್ಯಾರಿ ರಾಬಿನ್ಸನ್ ಬಂದರು. ಈ ಹಾಡು ಐದೆಣಿಕೆಯದು. ನಮ್ಮ ಖಂಡಛಾಪಿಗೆ ಒಗ್ಗಿದ ಕಿವಿಗೆ ಮೊದಲ ಸಾಲಿನಲ್ಲೇ ಪರಿಚಿತವೆನಿಸುತ್ತದೆಯಾದರೂ, ತೊಡೆಯ ಮೇಲೆ 'ತಕ ತಕಿಟ' ಹಾಕುತ್ತ ಕೂತರೆ ಕಂಠವು ಆ ಪೆಟ್ಟುಗಳಿಗೆ ಜಗ್ಗದೆ, ತುಸು ತಡವಾಗಿ, ನೀರಿನ ಮೇಲಿನ ಎಲೆಯಂತೆ ಜಾರಿಕೊಂಡು ಹೋಗುವುದು ಗೊತ್ತಾಗುತ್ತದೆ. ಸುತ್ತ ತಂತಿವಾದ್ಯಗಾರರು, ನಡುವೆ ಗಿಟಾರ್ ಹಿಡಿದ ನಿಕ್, ಎಲ್ಲರೂ ಒಟ್ಟಿಗೇ ನುಡಿಸಿದ ಮುದ್ರಣವದು.

ಎರಡನೆಯ ಆಲ್ಬಮ್ 'ಬ್ರೈಟರ್ ಲೇಟರ್'ನಲ್ಲಿ ಮನೆ ತುಂಬ ನೆಂಟರು. ಫೇರ್‌ಪೋರ್ಟ್‌ನ ಡೇವ್ ಪೆಗ್, ಡೇವ್ ಮ್ಯಾಟಕ್ಸ್, ರಿಚರ್ಡ್ ಥಾಂಪ್ಸನ್ ಸಾಲದೆಂಬಂತೆ ಅಮೆರಿಕದ ರಾಕ್ ತಂಡ ವೆಲ್ವೆಟ್ ಅಂಡರ್‌ಗ್ರೌಂಡ್‌ನ ಜಾನ್ ಕೇಲ್ ಕೂಡ ಬಂದರು. ಬೇರೆ ಕೆಲಸಕ್ಕಾಗಿ ಸ್ಟುಡಿಯೋಗೆ ಬಂದಿದ್ದ ಕೇಲ್, ನಿಕ್‌ನ ಮುದ್ರಿಕೆ ಕೇಳಿದವರೇ ಅವನಿರುವ ಜಾಗ ವಿಚಾರಿಸಿಕೊಂಡು ಹೊರಟರಂತೆ. 'ನಾರ್ದರ್ನ್ ಸ್ಕೈ'ನಲ್ಲಿ ಸಣ್ಣ ಗಂಟೆಗಳಂತೆ ಕೇಳುವ ಚೆಲೆಸ್ತಾ (ಪಿಯಾನೊದಂಥ ಕೀಲಿಮಣೆ ವಾದ್ಯ) ಅವರದೇ. ಈ ಆಲ್ಬಮ್ ನನಗೆ ಕೆಲವೆಡೆ ತುಂಬಿ ತುಳುಕಿದಂತೆ ಕೇಳುತ್ತದೆ. ನಿಕ್‌ಗೂ ಹಾಗೆಯೇ ಅನ್ನಿಸಿತ್ತು ಎಂಬ ಮಾತಿದೆ. ಮುಂದಿನ 'ಪಿಂಕ್ ಮೂನ್' ಅನ್ನು ಅವನು ಧ್ವನಿತಂತ್ರಜ್ಞ ಜಾನ್ ವುಡ್ ಒಬ್ಬರನ್ನೇ ಜೊತೆಗಿಟ್ಟುಕೊಂಡು 1971ರ ಅಕ್ಟೋಬರಿನ ಎರಡು ರಾತ್ರಿಗಳಲ್ಲಿ ಮುಗಿಸಿದ. ಕಂಠ, ಗಿಟಾರಿನ ಹೊರತು ಅದರಲ್ಲಿರುವುದು ಶೀರ್ಷಿಕೆ ಗೀತೆಯಲ್ಲಿ ಕೆಲವೇ ಕ್ಷಣ ಕೇಳಿಬರುವ ಪಿಯಾನೊ ಮಾತ್ರ. ಆ ಪಿಯಾನೊದ ಬೇರು ಲಂಡನ್ನಿನಲ್ಲಿಲ್ಲ.

ಮರುದಿನ ಬರ್ಮಿಂಗ್‌ಹ್ಯಾಮ್‌ನ ಮೂರ್ ಸ್ಟ್ರೀಟ್ ನಿಲ್ದಾಣದಿಂದ ಸ್ಟ್ರಾಟ್‌ಫರ್ಡ್ ಕಡೆಯ ರೈಲು ಹತ್ತಿ, ಸಿಬ್ಬಂದಿಯೇ ಇಲ್ಲದ ಡ್ಯಾನ್ಜಿ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ಟ್ಯಾನ್‌ವರ್ತ್-ಇನ್-ಆರ್ಡನ್ ಗ್ರಾಮಕ್ಕೆ ಬೇಲಿಗಳ ನಡುವಿನ ಕಿರಿದಾದ ರಸ್ತೆಯಲ್ಲಿ ನಡೆಯಬೇಕು. ಕಾರು ಬಂದಾಗಲೆಲ್ಲ ಬೇಲಿಗೆ ಬೆನ್ನು ಹಚ್ಚಿ ನಿಂತು ನನ್ನ ಕೋಟಿನ ತುಂಬ ಮುಳ್ಳು. ನಿಕ್ ಬೆಳೆದ 'ಫಾರ್ ಲೀಸ್' ಮನೆಯಲ್ಲಿ ಈಗ ಬೇರೆಯವರು ವಾಸವಾಗಿರುವುದರಿಂದ ರಸ್ತೆಯಿಂದಲೇ ಒಮ್ಮೆ ನೋಡಿ ಮುಂದೆ ನಡೆದೆ.

ಆ ಮನೆಯಲ್ಲಿ ಪಿಯಾನೊ ನುಡಿಸುತ್ತಿದ್ದವರು ತಾಯಿ ಮಾಲಿ ಡ್ರೇಕ್. ಆಕೆ ಹುಟ್ಟಿದ್ದೂ, ಮಗ ಹುಟ್ಟಿದ್ದೂ ರಂಗೂನಿನಲ್ಲಿ. ನಿಕ್‌ನ ತಂದೆ ರಾಡ್ನಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರ್. ಬರ್ಮಾದ ಮೇಲೆ ಜಪಾನೀಯರ ದಾಳಿಯಾದಾಗ ದೆಹಲಿ ಸೇರಿದ ಮಾಲಿ, ಸಹೋದರಿ ನ್ಯಾನ್ಸಿಯೊಡನೆ 'ಲಾಯ್ಡ್ ಸಿಸ್ಟರ್ಸ್' ಎಂಬ ಹೆಸರಿನಲ್ಲಿ ನಮ್ಮ ಆಕಾಶವಾಣಿಯಲ್ಲಿ ಹಾಡುತ್ತಿದ್ದರು. ಟ್ಯಾನ್‌ವರ್ತ್‌ಗೆ ಬಂದ ಮೇಲೂ ಆಕೆ ಹಾಡು ಕಟ್ಟುವುದನ್ನು ಬಿಡಲಿಲ್ಲ. ರಾಡ್ನಿ ಅವುಗಳನ್ನು ಮನೆಯಲ್ಲೇ ಟೇಪಿಗೆ ಇಳಿಸಿಟ್ಟರು. ಎಷ್ಟೋ ವರ್ಷಗಳ ಮೇಲೆ ಅವು ಹೊರಬಂದಾಗ, ಮಗನ ಹಾಡುಗಳಲ್ಲಿ ಸ್ವರಗಳು ನೆರಳಿಗೆ ಸರಿಯುವ ರೀತಿ ತಾಯಿಯಲ್ಲಿ ಮೊದಲೇ ಇದ್ದದ್ದು ಕಿವಿಗೆ ಬಿತ್ತು. ಫೋಕ್ ಗಾಯಕರಾದ ಬರ್ಟ್ ಜಾನ್ಷ್ ಮತ್ತು ಜಾಕ್ಸನ್ ಸಿ. ಫ್ರಾಂಕ್ ಅವರ ಹಾಡುಗಳನ್ನು ಹಾಡಿ ಹಾಡಿ ನಿಕ್ ಕೈ ಪಳಗಿಸಿಕೊಂಡದ್ದು ಅವನ ಮನೆಯ ಟೇಪುಗಳಿಂದ ತಿಳಿಯುತ್ತದೆ. ಬೆರಳಿನ ವಿದ್ಯೆ ಅವರಿಂದ ಬಂದಿರಬಹುದು. ಹಾಡಿನೊಳಗಿನ ಮಬ್ಬು ತಾಯಿಯ ಪಿಯಾನೊ ಇದ್ದ ಕೋಣೆಯಿಂದಲೇ ಬಂದದ್ದು ಎಂದು ನಾನು ನಂಬುತ್ತೇನೆ.

ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚಿನ ಅಂಗಳದಲ್ಲಿ, ಓಕ್ ಮರದ ಕೆಳಗೆ, ಮೊಣಕಾಲೆತ್ತರದ ಸಾದಾ ಕಲ್ಲು. ಅದರ ಮೇಲೆ ಮಗನ ಹೆಸರಿನೊಡನೆ ತಂದೆತಾಯಿಯರ ಹೆಸರುಗಳೂ ಇವೆ. ಬೆನ್ನ ಕಡೆ 'ಪಿಂಕ್ ಮೂನ್'ನ ಕೊನೆಯ ಹಾಡಿನ ಸಾಲು ಕೆತ್ತಿದ್ದಾರೆ. ಯಾರೋ ಇಟ್ಟುಹೋದ, ತಂತಿ ಮೀಟುವ ಗಿಟಾರ್ ಪ್ಲೆಕ್ಟ್ರಮ್‌ಗಳು ಹಸಿ ಹುಲ್ಲಿನಲ್ಲಿ ಅರ್ಧ ಹೂತಿದ್ದವು. ಬೆರಳಿನಿಂದ ಮೀಟುತ್ತಿದ್ದವನಿಗೆ ಪ್ಲೆಕ್ಟ್ರಮ್ ಕಾಣಿಕೆ!

ಡ್ಯಾನ್ಜಿಗೆ ಮರಳಿದಾಗ ಜಿನುಗು ಮಳೆ. ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊದಲು ತಾಯಿಯ 'ಪೂರ್ ಮಮ್', ಅದರ ಬೆನ್ನಿಗೆ ಮಗನ 'ಪೂರ್ ಬಾಯ್' ಕೇಳಿದೆ. ಮತ್ತೆ ಮೊದಲಿನಿಂದ ತಾಯಿಯದನ್ನು ಹಾಕಿದೆ. ಕೋಟಿನಿಂದ ಮುಳ್ಳು ಕೀಳುತ್ತ ಕೂತಿದ್ದವನು ರೈಲು ಬಂದದ್ದನ್ನು ಗಮನಿಸಿದ್ದು ಬಾಗಿಲು ತೆರೆದ ಮೇಲೆಯೇ.