ಮತ್ತೆ ಮತ್ತೆ ಬೀಳುತ್ತಿದ್ದ ಎಂಜಿನ್‌ಎಕ್ಸ್

ದಾವಣಗೆರೆಯ ನಮ್ಮ ಅಂಗಡಿಯ ಬಿಲ್ಲಿಂಗ್ ಓಡುವುದು ಒಂದು ಹಳೇ ಲ್ಯಾಪ್‌ಟಾಪಿನಲ್ಲಿ. ಕರೆಂಟ್ ಹೋಗಿ ಬಂದರೆ ಎಲ್ಲವನ್ನೂ ಮತ್ತೆ ಎಬ್ಬಿಸುವ ಕೆಲಸ ನನ್ನದು. ಭಾನುವಾರ ಎಸ್‌6 ಅನ್ನು, ಅಂದರೆ ಬಿದ್ದ ಪ್ರೋಗ್ರಾಮ್‌ಗಳನ್ನು ತಾನೇ ಮತ್ತೆ ಎಬ್ಬಿಸುವ ಸಾಫ್ಟ್‌ವೇರನ್ನು, ಸೋರ್ಸ್ ಕೋಡ್‌ನಿಂದ ಬಿಲ್ಡ್ ಮಾಡಲು ಕೂತೆ. ಲಿನಕ್ಸ್ ಜೊತೆಗೇ ಬಂದಿದ್ದ ಸಿಸ್ಟಮ್‌ಡಿ ಈ ಕೆಲಸಕ್ಕೆ ಸಾಕಾಗುತ್ತಿತ್ತು, ನಿಜ. ಸುಮ್ನೆ ಹಠ.

ಬಿಲ್ಡ್‌ನ ಮೊದಲ ಹೆಜ್ಜೆಯಾದ ಕಾನ್ಫಿಗರ್ ಮೊದಲ ಸಲವೇ ನಿಂತಿತು. ಎಸ್‌6ಗೆ ಬೇಕಾದ ಸ್ಕಾಲಿಬ್ಸ್ ಎಂಬ ಲೈಬ್ರರಿ ಮೊದಲು, ಆಮೇಲೆ ಎಕ್ಸೆಕ್‌ಲೈನ್ ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆ, ಕೊನೆಗೆ ಎಸ್‌6. ಈ ಸಾಲು ತಪ್ಪಬಾರದು. ಎಲ್ಲ ಸಿ ಭಾಷೆಯ ಚಿಕ್ಕ ಕೋಡ್, ಮಂಡಕ್ಕಿ ಮಿರ್ಚಿ ಮುಗಿಯುವಷ್ಟರಲ್ಲಿ ಮೇಕ್ ಮುಗಿದಿತ್ತು.

ನಿಜವಾದ ಕಾಟ ಆಮೇಲೆ. ಏನನ್ನು ಓಡಿಸಬೇಕು ಎಂದು ಎಸ್‌6ಗೆ ಹೇಳುವ ರನ್ ಫೈಲಿನಲ್ಲಿ ಎಂಜಿನ್‌ಎಕ್ಸ್ (ನಮ್ಮ ಬಿಲ್ಲಿಂಗ್ ಪುಟ ತೋರಿಸುವ ವೆಬ್ ಸರ್ವರ್) ಅಂತ ಬರೆದು ಬಿಟ್ಟೆ. ಪುಟ ತೆರೆಯಿತು, ಆದರೆ ಲಾಗ್ ತುಂಬಾ 'ಅಡ್ರೆಸ್ ಆಲ್ರೆಡಿ ಇನ್ ಯೂಸ್', ಈ ವಿಳಾಸ ಆಗಲೇ ಬಳಕೆಯಲ್ಲಿದೆ ಅಂತ! ಎರಡು ಗಂಟೆ ತಲೆ ಕೆಡಿಸಿಕೊಂಡೆ. ಎಂಜಿನ್‌ಎಕ್ಸ್ ತಾನಾಗಿ ಹಿನ್ನೆಲೆಗೆ ಸರಿದುಬಿಡುತ್ತದೆ, ಶುರು ಮಾಡಿದ ಪ್ರೊಸೆಸ್ ಮುಗಿಯುತ್ತದೆ. ಕಾಯುತ್ತಿದ್ದ ಎಸ್‌6ನ ಕಾವಲುಗಾರ ಎಸ್‌6-ಸೂಪರ್‌ವೈಸ್, ಪಾಪ, ಅದು ಸತ್ತಿತು ಅಂದುಕೊಂಡು ಇನ್ನೊಂದನ್ನು ಎಬ್ಬಿಸುತ್ತದೆ. ಆ ವಿಳಾಸ, ಅಂದರೆ ಪೋರ್ಟ್, ಹಳೆಯದರ ಕೈಯಲ್ಲೇ ಇರುತ್ತದಲ್ವಾ? ಹೊಸದು ಬೀಳುತ್ತದೆ. ಮತ್ತೆ ಎಬ್ಬಿಸುತ್ತದೆ.

"ಇನ್ನೂ ಆಗ್ಲಿಲ್ವೇನೋ? ನಾಳೆ ಸೋಮವಾರ ಕಣೋ" ಅಂದರು ಅಪ್ಪ.

ಮದ್ದು ಎರಡೇ ಪದ, 'ಡೀಮನ್ ಆಫ್', ಅಂದರೆ ಹಿನ್ನೆಲೆಗೆ ಸರಿಯಬೇಡ. ರನ್ ಫೈಲನ್ನು ಓಡಿಸುವ ಶೆಲ್‌ನ ಜಾಗಕ್ಕೇ ಎಂಜಿನ್‌ಎಕ್ಸ್ ಬರಲಿ ಎಂದು ಮುಂದೆ ಒಂದು 'ಎಕ್ಸೆಕ್' ಕೂಡ ಸೇರಿಸಿದೆ. ಅದಿಲ್ಲದಿದ್ದರೆ ನಿಲ್ಲಿಸು ಎಂಬ ಸಿಗ್ನಲ್ ನಡುವೆ ಕೂತ ಶೆಲ್‌ಗೆ ಹೋಗುತ್ತದೆ, ಎಂಜಿನ್‌ಎಕ್ಸ್‌ಗಲ್ಲ. ಬೇಕಂತಲೇ ಕಿಲ್ ಮಾಡಿ ನೋಡಿದೆ, ತಕ್ಷಣ ಎದ್ದಿತು.

ಇಷ್ಟಾಗಿ, ಬೂಟ್ ಆದಾಗ ಆ ಕಾವಲುಗಾರನನ್ನು ಎಬ್ಬಿಸುವ ಎಸ್‌6-ಎಸ್‌ವಿಸ್ಕ್ಯಾನ್ ಅನ್ನು ಶುರು ಮಾಡುವುದು ಯಾರು ಗೊತ್ತಾ? ಒಂದು ಸಿಸ್ಟಮ್‌ಡಿ ಯೂನಿಟ್. ಅಪ್ಪನಿಗೆ ಹೇಳಿಲ್ಲ.